ಅಡುಗೆಮನೆಯಲ್ಲಿ ಅಡಗಿದ ಸುಳಿವು: ಪಾಕ ಪತ್ತೇದಾರಿ ಕಾದಂಬರಿ ಬರೆಯುವ ಬಗೆ

"ಅಡುಗೆಯೂ ಗೊತ್ತು, ಪತ್ತೇದಾರಿ ಕಾದಂಬರಿಗಳ ಹುಚ್ಚೂ ಇದೆ. ಎರಡನ್ನೂ ಕೂಡಿಸಿ ಬರೆಯಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಪಾಕ ಪತ್ತೇದಾರಿ ಕಾದಂಬರಿ ಎಂದರೆ ಅಡುಗೆ, ಊಟ, ಬೇಕರಿ, ಹೋಟೆಲುಗಳ ನಡುವೆ ನಡೆಯುವ ಅಪರಾಧವನ್ನು ಆಹಾರಪ್ರಿಯ ಹವ್ಯಾಸಿಯೊಬ್ಬರು ಬಿಡಿಸುವ ಕಥೆ. ಹವ್ಯಾಸಿ ಪತ್ತೇದಾರರು ಪೊಲೀಸರೂ ಆಗಿರುವುದಿಲ್ಲ, ಶುಲ್ಕ ಪಡೆದು ತನಿಖೆ ಮಾಡುವವರೂ ಆಗಿರುವುದಿಲ್ಲ. 'ಕೋಜಿ' ಎಂದು ಕರೆಯುವ ದೊಡ್ಡ ಪ್ರಕಾರದ ಒಂದು ಕವಲು ಇದು. ಕೋಜಿ ಕಥೆಯಲ್ಲಿ ರಕ್ತಪಾತ ಪುಟದ ಹೊರಗೆ ನಡೆಯುತ್ತದೆ, ಪಾತ್ರಗಳೆಲ್ಲ ಒಬ್ಬರಿಗೊಬ್ಬರು ಪರಿಚಿತರು, ಕೊನೆಗೆ ಅಪರಾಧಿ ಸಿಕ್ಕಿಬೀಳುತ್ತಾನೆ. ಊಟದ ರುಚಿ ಬಲ್ಲ ಪತ್ತೇದಾರ ಹೊಸಬನೇನೂ ಅಲ್ಲ. ರೆಕ್ಸ್ ಸ್ಟೌಟ್ ಅವರ ನೀರೋ ವುಲ್ಫ್ 1934ರಲ್ಲೇ ಬಂದ, ಆದರೆ ಅವನು ಶುಲ್ಕ ಪಡೆಯುವ ವೃತ್ತಿಪರ. ಅಡುಗೆಯವರೇ ಪತ್ತೇದಾರರಾಗುವ ಇಂದಿನ ಧಾರೆಯನ್ನು ಅಮೆರಿಕದಲ್ಲಿ 1982ರಲ್ಲಿ ವರ್ಜೀನಿಯಾ ರಿಚ್, 1990ರಲ್ಲಿ ಡಯೇನ್ ಮಾಟ್ ಡೇವಿಡ್ಸನ್, 2000ದಲ್ಲಿ ಜೋಆನ್ ಫ್ಲೂಕ್ ತಂತಮ್ಮ ಸರಣಿಗಳಿಂದ ಬೆಳೆಸಿದರು.

ಬರೆಯಲು ಕೂರುವ ಮುನ್ನ ಒಂದು ಮಾತು ಮನಸ್ಸಿನಲ್ಲಿರಲಿ. ನಿಮ್ಮ ಕಥೆಯಿಂದ ಅಡುಗೆಯನ್ನು ಪೂರ್ತಿ ತೆಗೆದುಹಾಕಿ ನೋಡಿ. ಆಗಲೂ ಅಪರಾಧಿ ಸಿಕ್ಕಿಬೀಳುವುದಾದರೆ ನೀವು ಬರೆದಿರುವುದು ಊಟದ ವರ್ಣನೆ ಇರುವ ಸಾಮಾನ್ಯ ಪತ್ತೇದಾರಿ ಕಥೆ. ಅಡುಗೆ ಬಲ್ಲವರಿಗೆ ಮಾತ್ರ ಕಾಣುವ ಯಾವುದೋ ಒಂದು ಸಂಗತಿಯಿಂದಲೇ ರಹಸ್ಯ ಬಿಚ್ಚಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಗುರಿಯನ್ನು ಮುಟ್ಟುವುದಕ್ಕಾಗಿಯೇ ಇವೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಒಂದು ದಪ್ಪ ನೋಟ್‌ಪುಸ್ತಕ, ನೀವು ಕಣ್ಣು ಮುಚ್ಚಿಕೊಂಡೂ ಮಾಡಬಲ್ಲ ನಾಲ್ಕೈದು ಅಡುಗೆಗಳು, ವಿಷಶಾಸ್ತ್ರದ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದ ಒಂದು ಒಳ್ಳೆಯ ಪುಸ್ತಕ, ಮತ್ತು ತಾಳ್ಮೆ.

ಹಂತ 1: ಕೊಲೆಗಿಂತ ಮೊದಲು ಒಂದು ಆಹಾರದ ಸತ್ಯವನ್ನು ಹುಡುಕಿ

ಹೆಚ್ಚಿನವರು ಕೊಲೆಗಾರನಿಂದ ಶುರು ಮಾಡುತ್ತಾರೆ. ನೀವು ಅಡುಗೆಮನೆಯಿಂದ ಶುರು ಮಾಡಿ. ಅಡುಗೆ ಮಾಡುವವರಿಗೆ ಸಹಜವಾಗಿ ಗೊತ್ತಿರುವ, ಬೇರೆಯವರ ಕಣ್ಣಿಗೆ ಬೀಳದ ಒಂದು ಸತ್ಯವನ್ನು ಆರಿಸಿಕೊಂಡು ಕಥೆಯನ್ನು ಅದರ ಸುತ್ತ ಕಟ್ಟಿ. ಯಾವ ಬಗೆಯ ಸತ್ಯ ಎಂಬುದು ತಿಳಿಯಲು ಕೆಲವು ಉದಾಹರಣೆಗಳು:

ಯೀಸ್ಟ್ ಹಾಕಿ ನಾದಿದ ಹಿಟ್ಟು ಒಂದು ಗಡಿಯಾರ. 24ರಿಂದ 27 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ಕೋಣೆಯಲ್ಲಿ ಅದು ಎರಡರಷ್ಟಾಗಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಬೇಕು. ಫ್ರಿಜ್‌ನಲ್ಲಿಟ್ಟರೆ ಅದೇ ಕೆಲಸಕ್ಕೆ ಇಡೀ ರಾತ್ರಿ ಹಿಡಿಯುತ್ತದೆ. ಹೊತ್ತು ಮೀರಿ ಬಿಟ್ಟರೆ ಅತಿಯಾಗಿ ಉಬ್ಬಿ, ಮುಟ್ಟಿದೊಡನೆ ಕುಸಿಯುತ್ತದೆ. "ಈಗಷ್ಟೇ ನಾದಿಟ್ಟು ಹೊರಗೆ ಹೋಗಿದ್ದೆ" ಎನ್ನುವವರ ಪಾತ್ರೆಯಲ್ಲಿ ಹಿಟ್ಟು ಉಬ್ಬಿ ಕುಸಿದು ಹುಳಿವಾಸನೆ ಬೀರುತ್ತಿದ್ದರೆ ಅವರ ಹೇಳಿಕೆ ಅಲ್ಲಿಗೇ ಬಿದ್ದಿತು. ಪೊಲೀಸರಿಗೆ ಅದು ಒಂದು ಪಾತ್ರೆ ಹಿಟ್ಟು, ನಿಮ್ಮ ಪತ್ತೇದಾರರಿಗೆ ಸಾಕ್ಷಿ.

ಮೂಗು ಕೆಲಸ ನಿಲ್ಲಿಸಿದರೆ ರುಚಿಯ ಬಹುಪಾಲು ಹೋಗುತ್ತದೆ. ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡವರಿಗೆ ಉಪ್ಪು, ಸಿಹಿ, ಹುಳಿ, ಕಹಿ ತಿಳಿಯುತ್ತವೆ, ಖಾರದ ಉರಿಯೂ ತಟ್ಟುತ್ತದೆ. ಆದರೆ ದಾಲ್ಚಿನ್ನಿಗೂ ವೆನಿಲಾಕ್ಕೂ ಅವರು ವ್ಯತ್ಯಾಸ ಹೇಳಲಾರರು. ಹಾಗಿರುವ ಪಾತ್ರವೊಂದು "ಆ ದಿನದ ಕೇಕಿನಲ್ಲಿ ದಾಲ್ಚಿನ್ನಿ ಇತ್ತು" ಎಂದು ಹೇಳಿದರೆ, ಅದನ್ನು ತಿಂದು ತಿಳಿದಿರುವುದು ಸಾಧ್ಯವಿಲ್ಲ. ಹಾಕುವುದನ್ನು ಕಂಡಿರಬೇಕು, ಇಲ್ಲವೇ ತಾನೇ ಹಾಕಿರಬೇಕು.

ಒಬ್ಬರ ನಾಲಿಗೆ ಇನ್ನೊಬ್ಬರದರಂತೆ ಇರುವುದಿಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಅವರ ಸಹೋದ್ಯೋಗಿಗೆ ಅದು ಕಹಿಯಾಗಿತ್ತು, ಫಾಕ್ಸ್ ಅವರಿಗೆ ಏನೂ ಅನ್ನಿಸಲಿಲ್ಲ. ಆ ವ್ಯತ್ಯಾಸ ವಂಶವಾಹಿಗಳಿಂದ ಬರುತ್ತದೆಂದು ಮುಂದೆ ಸ್ಥಿರಪಟ್ಟಿತು. ಕೊತ್ತಂಬರಿ ಸೊಪ್ಪು ಕೆಲವರಿಗೆ ಸಾಬೂನಿನಂತೆ ಅನ್ನಿಸುವುದರಲ್ಲೂ ವಂಶವಾಹಿಯ ಪಾಲಿದೆ. ರಕ್ತಸಂಬಂಧವನ್ನು ಮುಚ್ಚಿಟ್ಟಿರುವ ಎರಡು ಪಾತ್ರಗಳ ಬಗ್ಗೆ ಅನುಮಾನ ಮೂಡಿಸಲು ಊಟದ ಮೇಜಿನ ಒಂದು ಮುಖಭಾವ ಸಾಕು. ಅನುಮಾನ ಮೂಡಿಸಲು ಎಂದಷ್ಟೇ ಹೇಳಿದೆ. ಅದನ್ನೇ ಪುರಾವೆ ಮಾಡಬೇಡಿ, ಏಕೆಂದರೆ ಇಂಥ ಗುಣ ಸಂಬಂಧವೇ ಇಲ್ಲದ ಎಷ್ಟೋ ಜನರಲ್ಲಿ ಇರುತ್ತದೆ.

ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ನೋಟಕ್ಕೆ ಒಂದೇ. ಸೋಡಾ ಚೆನ್ನಾಗಿ ಕೆಲಸ ಮಾಡಲು ಮೊಸರು, ನಿಂಬೆರಸದಂಥ ಹುಳಿ ಜೊತೆಗಿರಬೇಕು. ಬೇಕಿಂಗ್ ಪೌಡರ್‌ನೊಳಗೆ ಹುಳಿ ಮೊದಲೇ ಬೆರೆತಿರುತ್ತದೆ. ಡಬ್ಬಿಗಳನ್ನು ಯಾರೋ ತೆರೆದು ಹುಡುಕಿ, ಅವಸರದಲ್ಲಿ ಅದಲುಬದಲಾಗಿ ತುಂಬಿಟ್ಟಿದ್ದಾರೆ ಎಂಬುದು ಮರುದಿನದ ಕೇಕ್ ಸಾಬೂನಿನಂತೆ ಕಹಿಯಾದಾಗ ತಿಳಿಯಬಹುದು.

ಇಂಥ ಸತ್ಯ ಸಿಕ್ಕಿದ ಮೇಲೆ ಅದನ್ನು ನಿಮ್ಮ ಅಡುಗೆಮನೆಯಲ್ಲೇ ಮಾಡಿ ನೋಡಿ. ಹಿಟ್ಟನ್ನು ಗಂಟೆಗಟ್ಟಲೆ ಬಿಟ್ಟು, ಗಳಿಗೆಗೊಮ್ಮೆ ಅದರ ಎತ್ತರ, ವಾಸನೆ, ಬೆರಳಿಗೆ ಸಿಗುವ ಹದವನ್ನು ಬರೆದುಕೊಳ್ಳಿ. ಕಥೆಗೆ ಜೀವ ಬರುವುದು ಈ ಟಿಪ್ಪಣಿಗಳಿಂದ.

ಎಚ್ಚರಿಕೆ: ತಜ್ಞರಿಗೆ ಮಾತ್ರ ಗೊತ್ತಿರುವ, ವಿವರಿಸಲು ಎರಡು ಪುಟ ಬೇಕಾಗುವ ಸತ್ಯವನ್ನು ಆರಿಸಬೇಡಿ. ಕೊನೆಯಲ್ಲಿ ಓದುಗರು "ಛೆ, ಇದು ನನಗೂ ಹೊಳೆಯಬೇಕಿತ್ತು" ಅಂದುಕೊಳ್ಳಬೇಕು.

ಹಂತ 2: ಪತ್ತೇದಾರರಿಗೆ ಒಂದು ಕೆಲಸ, ಒಂದು ಕಾರಣ, ಒಂದು ಕೊರತೆ ಕೊಡಿ

ಕೆಲಸ ಎಂದರೆ ನಾಲ್ಕು ಮನೆಯ ಬಾಗಿಲು ತೆರೆಸುವ ಕೆಲಸ. ಕೇಟರಿಂಗ್ ಮಾಡುವವರು ಎಲ್ಲರ ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಅತಿಥಿಗಳ ಮಾತು ಅವರ ಕಿವಿಗೆ ಬೀಳುತ್ತದೆ, ಅವರು ಅಲ್ಲಿರುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಕರಿಯವರು ಊರು ಏಳುವ ಮೊದಲೇ ಎದ್ದಿರುತ್ತಾರೆ. ನಸುಕಿನಲ್ಲಿ ಯಾರ ಕಿಟಕಿಯಲ್ಲಿ ದೀಪವಿತ್ತು ಎಂಬುದು ಅವರಿಗೆ ಗೊತ್ತು. ಅಡುಗೆ ಕಲಿಸುವವರ ಮುಂದೆ ಪ್ರತಿ ವಾರ ಅದೇ ಹತ್ತು ಜನ ಕೂರುತ್ತಾರೆ, ಅಲ್ಲಿಗೆ ಶಂಕಿತರ ಪಟ್ಟಿಯೇ ಸಿದ್ಧವಾಯಿತು.

ಕಾರಣ ಇನ್ನೂ ಮುಖ್ಯ. ಪೊಲೀಸರಿರುವಾಗ ಈ ವ್ಯಕ್ತಿ ಏಕೆ ತಲೆ ಹಾಕಬೇಕು? ಬರೀ ಕುತೂಹಲ ಮೂರು ಅಧ್ಯಾಯಗಳ ಆಚೆ ಕಥೆಯನ್ನು ಎಳೆಯುವುದಿಲ್ಲ. ಡೇವಿಡ್ಸನ್ ಅವರ ಮೊದಲ ಕಾದಂಬರಿಯಲ್ಲಿ ನಾಯಕಿ ಊಟ ಬಡಿಸಿದ ಕಡೆಯೇ ಒಬ್ಬರಿಗೆ ವಿಷವಾಗುತ್ತದೆ, ಅಧಿಕಾರಿಗಳು ಅವಳ ಕೇಟರಿಂಗ್ ವ್ಯವಹಾರವನ್ನು ನಿಲ್ಲಿಸುತ್ತಾರೆ. ಸತ್ಯ ಹೊರಬರುವವರೆಗೆ ಅವಳಿಗೆ ದುಡಿಮೆ ಇಲ್ಲ. ತನಿಖೆಗೆ ಇಳಿಯದೆ ಅವಳಿಗೆ ಗತಿಯೇ ಇಲ್ಲ. ನಿಮ್ಮ ಪಾತ್ರಕ್ಕೂ ಇಷ್ಟೇ ಬಲವಾದ ಕಾರಣ ಬೇಕು: ಹೊಟ್ಟೆಪಾಡು, ಮಾನ, ಇಲ್ಲವೇ ಆರೋಪ ಹೊತ್ತ ಆಪ್ತರು.

ಕೊರತೆಯನ್ನು ಮರೆಯಬೇಡಿ. ನಾಲಿಗೆಗೆ ತಾಗಿಸಿದೊಡನೆ ಎಲ್ಲವನ್ನೂ ಹೇಳಿಬಿಡುವ ಪವಾಡಪುರುಷ ಬೇಸರ ತರಿಸುತ್ತಾನೆ. ಬೇಕಿಂಗ್ ಬಲ್ಲವರಿಗೆ ಮಾಂಸದ ಅಡುಗೆ ಗೊತ್ತಿಲ್ಲದಿರಲಿ, ಆ ಅಜ್ಞಾನದಿಂದ ಒಂದು ತಪ್ಪು ತೀರ್ಮಾನಕ್ಕೂ ಬರಲಿ.

ಹಂತ 3: ಸಾವು ಹೇಗಾಯಿತು? ಇಲ್ಲಿ ನಿಧಾನವಾಗಿ ಹೆಜ್ಜೆ ಇಡಿ

ಹಸ್ತಪ್ರತಿಗಳು ಅತಿ ಹೆಚ್ಚು ಎಡವುವ ಜಾಗ ಇದು. ಅಡುಗೆಯ ಕಥೆ ಎಂದರೆ ವಿಷ ಎಂಬುದು ಮೊದಲಿಗೆ ಹೊಳೆಯುತ್ತದೆ. ವಿಷವನ್ನು ಬಳಸಬೇಕಾದರೆ ಅದನ್ನು ಓದಿ ತಿಳಿದಿರಬೇಕು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ಗುಣವನ್ನು ಕಲಿತವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ವಿಷವನ್ನು ನಿಖರವಾಗಿ ಬಳಸಿದ್ದನ್ನು ಔಷಧ ವೃತ್ತಿಯವರ ಪತ್ರಿಕೆಯೇ ಮೆಚ್ಚಿತ್ತು. ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಬರೆದ ಹತ್ತು ನಿಯಮಗಳಲ್ಲಿ ಒಂದು, ಇನ್ನೂ ಕಂಡುಹಿಡಿಯದ ವಿಷವನ್ನು ಬಳಸಬಾರದು ಎನ್ನುತ್ತದೆ. ಈಗಲೂ ಅದನ್ನು ಪಾಲಿಸಿ. "ಯಾವ ಪರೀಕ್ಷೆಗೂ ಸಿಗದ ಅಪರೂಪದ ವಿಷ" ಎಂದು ಬರೆದ ಕ್ಷಣ ಓದುಗರ ನಂಬಿಕೆ ಕಳೆದುಕೊಳ್ಳುತ್ತೀರಿ.

ದೊಡ್ಡ ತಪ್ಪು ಸಮಯದ ಲೆಕ್ಕದಲ್ಲಿ ಆಗುತ್ತದೆ. ಒಂದು ತುತ್ತು ತಿಂದು ಕುತ್ತಿಗೆ ಹಿಡಿದುಕೊಂಡು ಬೀಳುವ ದೃಶ್ಯ ಬಹುಪಾಲು ವಿಷಗಳಿಗೆ ಒಪ್ಪುವುದಿಲ್ಲ. ಡೆತ್ ಕ್ಯಾಪ್ ಎಂಬ ವಿಷದ ಅಣಬೆಯನ್ನು ತಿಂದವರಿಗೆ ಸಾಮಾನ್ಯವಾಗಿ ಆರು ಗಂಟೆಗೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿಭೇದಿ, ನಂತರ ಗುಣವಾದಂತೆ ಕಾಣುವ ಒಂದು ಬಿಡುವು, ಅದರ ಬೆನ್ನಿಗೇ ಯಕೃತ್ತಿನ ವೈಫಲ್ಯ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೊಟುಲಿಸಂ, ಅಂದರೆ ಸರಿಯಾಗಿ ಸಂಸ್ಕರಿಸದೆ ಗಾಳಿಯಾಡದಂತೆ ಮುಚ್ಚಿಟ್ಟ ಆಹಾರದಲ್ಲಿ ಬ್ಯಾಕ್ಟೀರಿಯಾ ಉಂಟುಮಾಡುವ ವಿಷದಿಂದ ಬರುವ ಕಾಯಿಲೆ, ಕಾಣಿಸಿಕೊಳ್ಳಲು ಸಾಮಾನ್ಯವಾಗಿ 12ರಿಂದ 36 ಗಂಟೆ ಹಿಡಿಯುತ್ತದೆ. ಸ್ಟೆಫೈಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷವಾದರೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಈ ಅಂತರವನ್ನು ತೊಡಕೆಂದು ನೋಡಬೇಡಿ. ಕಥೆಗೆ ಇದು ದೊಡ್ಡ ವರ. ಎಲ್ಲರೂ ಕೊನೆಯ ಊಟವನ್ನು ಅನುಮಾನಿಸುತ್ತಿರುವಾಗ ನಿಮ್ಮ ಪತ್ತೇದಾರರು ಹಿಂದಿನ ದಿನದ ತಿಂಡಿಯ ಬಗ್ಗೆ ವಿಚಾರಿಸಲಿ.

ಅಲರ್ಜಿಯಲ್ಲೂ ಹೀಗೆಯೇ. ಶೇಂಗಾದಂಥ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ. ಆದರೆ ಕೆಲವು ಬಗೆಯ ಉಣ್ಣೆ ಹುಳುಗಳು ಕಚ್ಚಿದ ಮೇಲೆ ಬರುವ 'ಆಲ್ಫಾ-ಗ್ಯಾಲ್' ಅಲರ್ಜಿಯಲ್ಲಿ ಕುರಿ, ದನ, ಹಂದಿಯ ಮಾಂಸ ತಿಂದು ಹಲವು ಗಂಟೆಗಳಾದ ಮೇಲೆ ಅಲರ್ಜಿ ಕಾಣಿಸಿಕೊಳ್ಳುತ್ತದೆ. ನಡುರಾತ್ರಿಯ ಸಾವೊಂದನ್ನು ಸಂಜೆಯ ಊಟಕ್ಕೆ ಯಾರೂ ತಳುಕು ಹಾಕದಿರಲು ಇದು ಒಳ್ಳೆಯ ಕಾರಣ.

ಕಹಿ ಬಾದಾಮಿಯ ವಾಸನೆ ಬಂತು, ಆದ್ದರಿಂದ ಸಯನೈಡ್ ಎಂಬ ಹಳೆಯ ಜಾಡನ್ನು ಬಿಡಿ. ಸಯನೈಡ್ ವಾಸನೆಯನ್ನು ಗುರುತಿಸಲು ಎಲ್ಲರಿಂದಲೂ ಆಗುವುದಿಲ್ಲ. ಬಾದಾಮಿ ಎಸೆನ್ಸ್‌ನ ಪರಿಮಳ ಬೆಂಜಾಲ್ಡಿಹೈಡ್ ಎಂಬ ಬೇರೆಯೇ ವಸ್ತುವಿನದು. ಬಾದಾಮಿಯ ಮಿಠಾಯಿ ಮಾಡುತ್ತಿರುವ ಅಡುಗೆಮನೆಯಲ್ಲಿ ಆ ವಾಸನೆ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಈ ಗೊಂದಲವನ್ನೇ ನೀವು ಬಳಸಿಕೊಳ್ಳಬಹುದು.

ಹಿಂದಿನ ಕಾಲದ ಕಥೆ ಬರೆಯುವವರು ಇಸವಿ ನೋಡಿಕೊಳ್ಳಿ. ಶವದಲ್ಲಿ ಆರ್ಸೆನಿಕ್ ಇದ್ದುದನ್ನು ತೀರಾ ಅಲ್ಪ ಪ್ರಮಾಣದಲ್ಲೂ ನಂಬುವಂತೆ ತೋರಿಸುವ ಪರೀಕ್ಷೆಯನ್ನು ಜೇಮ್ಸ್ ಮಾರ್ಷ್ ಪ್ರಕಟಿಸಿದ್ದು 1836ರಲ್ಲಿ. ಅದಕ್ಕೂ ಮೊದಲಿನ ಕಥೆಯಲ್ಲಿ ವೈದ್ಯರು ಅಷ್ಟು ಖಚಿತವಾಗಿ ಮಾತನಾಡಬಾರದು.

ವಿಷವೇ ಬೇಕೆಂದೇನೂ ಇಲ್ಲ. ದೊಡ್ಡ ಹೋಟೆಲುಗಳ ಶೀತಲ ಕೋಣೆಯೂ ಒಂದು ಜಾಗ. ಆದರೆ ಅಂಥ ಕೋಣೆಗಳಿಗೆ ಸಾಮಾನ್ಯವಾಗಿ ಒಳಗಿನಿಂದ ತೆರೆಯುವ ವ್ಯವಸ್ಥೆ ಇರುತ್ತದೆ. ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ ಆ ಹಿಡಿ ತಾನಾಗಿ ಕೆಟ್ಟಿತ್ತೇ ಅಥವಾ ಕೆಡಿಸಿದ್ದೇ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ.

ಎಚ್ಚರಿಕೆ: ವಿಷದ ಪ್ರಮಾಣ, ತಯಾರಿಕೆ, ಅದನ್ನು ಎಲ್ಲಿಂದ ತರುವುದು ಎಂಬ ವಿವರಗಳನ್ನು ಪುಸ್ತಕದಲ್ಲಿ ಬರೆಯಬೇಡಿ. ಓದುಗರಿಗೆ ಬೇಕಾದದ್ದು ಪರಿಣಾಮ ಮತ್ತು ಸಮಯ, ಅಷ್ಟೇ. ಇನ್ನೊಂದು: ಹೊಟ್ಟೆಯಲ್ಲಿದ್ದ ಆಹಾರವನ್ನು ನೋಡಿ ವೈದ್ಯರು "ಸಾವು ಒಂಬತ್ತೂಕಾಲಕ್ಕೆ" ಎಂದು ಹೇಳುವಂತೆ ಮಾಡಬೇಡಿ. ಜೀರ್ಣವಾಗುವ ವೇಗ ಊಟದ ಪ್ರಮಾಣ, ಜಿಡ್ಡು, ಮನಸ್ಸಿನ ಆತಂಕ ಇವುಗಳಿಂದ ಬಹಳ ಬದಲಾಗುತ್ತದೆ. ಆ ಅಂದಾಜು ಸಡಿಲವಾಗಿಯೇ ಇರಲಿ.

ಹಂತ 4: ಎರಡು ಕಾಲಪಟ್ಟಿ ಬರೆಯಿರಿ

ನೋಟ್‌ಪುಸ್ತಕದ ಎಡಪುಟದಲ್ಲಿ ಅಡುಗೆಯ ಕಾಲ: ಯಾವುದನ್ನು ಯಾವಾಗ ನೆನೆಹಾಕಿದರು, ಓವನ್ ಯಾವಾಗ ಹಚ್ಚಿದರು, ಸಾಸ್ ಯಾವಾಗ ಕುದಿಯಿತು, ಯಾರು ಕಲಕಿದರು, ಬಡಿಸಿದ್ದು ಯಾವಾಗ. ಬಲಪುಟದಲ್ಲಿ ಅಪರಾಧದ ಕಾಲ. ನಡುವೆ ಗೆರೆ ಎಳೆದು ಎಲ್ಲಿ ಎರಡೂ ತಾಗುತ್ತವೆ ಎಂದು ಗುರುತು ಮಾಡಿ. ಅಲಿಬೈಯನ್ನು, ಅಂದರೆ ಘಟನೆಯ ವೇಳೆ ತಾನು ಬೇರೆಡೆ ಇದ್ದೆನೆಂಬ ಸಾಕ್ಷ್ಯವನ್ನು, ಪ್ರತಿ ಶಂಕಿತರಿಗೂ ಈ ಪಟ್ಟಿಯಿಂದಲೇ ಕಟ್ಟಿ. ಐದರಿಂದ ಏಳು ಶಂಕಿತರು ಸಾಕು. ಹೆಚ್ಚಾದರೆ ಓದುಗರಿಗೆ ಹೆಸರುಗಳೇ ನೆನಪಿರುವುದಿಲ್ಲ.

ಹಂತ 5: ಸುಳಿವನ್ನು ಕಣ್ಣೆದುರೇ ಬಚ್ಚಿಡಿ

ನನಗೆ ಈ ಪ್ರಕಾರದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು, ಬೇರೆ ಪತ್ತೇದಾರಿ ಲೇಖಕರಿಗಿಲ್ಲದ ಅನುಕೂಲ ನಿಮಗಿರುವುದೂ ಇಲ್ಲಿಯೇ. ಪತ್ತೇದಾರರು ಕಂಡ ಪ್ರತಿಯೊಂದು ಸುಳಿವೂ ಓದುಗರಿಗೆ ಕಾಣಬೇಕು ಎಂಬುದು ನಾಕ್ಸ್ ಅವರ ಇನ್ನೊಂದು ನಿಯಮ. ಹಾಗೆ ತೋರಿಸಿಯೂ ಗಮನಕ್ಕೆ ಬಾರದಂತೆ ಮಾಡುವುದು ಹೇಗೆ? ಊಟದ ವರ್ಣನೆಯನ್ನು ಓದುಗರು ಸುಖವಾಗಿ, ಎಚ್ಚರ ತಪ್ಪಿ ಓದುತ್ತಾರೆ. ರುಚಿಯಲ್ಲಿ ಮೈಮರೆತವರು ಅನುಮಾನಪಡುವುದಿಲ್ಲ. ಸುಳಿವನ್ನು ಅಲ್ಲಿಡಿ.

ಮೇಜಿನ ಮೇಲಿದ್ದ ಏಳು ಪದಾರ್ಥಗಳನ್ನು ಪಟ್ಟಿ ಮಾಡುವಾಗ ಮುಖ್ಯವಾದದ್ದು ನಾಲ್ಕನೆಯದಾಗಿರಲಿ. ಪಟ್ಟಿಯ ಮೊದಲ ಮತ್ತು ಕೊನೆಯ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ, ನಡುವಿನದು ಜಾರಿಹೋಗುತ್ತದೆ. ಸುಳಿವಿನ ಬೆನ್ನಿಗೇ ಒಂದು ಜಗಳ, ಬಾಗಿಲು ಬಡಿಯುವ ಸದ್ದು, ಕೈ ಸುಟ್ಟುಕೊಂಡ ಕೂಗು ಬರಲಿ.

ಸುಳಿವು ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ ಇರಬೇಕು. ಮೂರನೆಯ ಅಧ್ಯಾಯದಲ್ಲಿ ಪತ್ತೇದಾರರು ಹೊಸ ಸಹಾಯಕನಿಗೆ ಹಿಟ್ಟು ಉಬ್ಬುವ ಪಾಠ ಹೇಳಲಿ, ಆ ಮಾತು ಬರೀ ಪಾಠದಂತೆ ಕೇಳಲಿ. ಒಂಬತ್ತನೆಯ ಅಧ್ಯಾಯದಲ್ಲಿ ಶಂಕಿತರ ಮನೆಯಲ್ಲಿ ಕುಸಿದ ಹಿಟ್ಟು ಕಾಣಲಿ, ಅಲ್ಲಿ ಯಾರೂ ಅದರ ಬಗ್ಗೆ ಮಾತನಾಡದಿರಲಿ. ಎರಡನ್ನೂ ಜೋಡಿಸುವ ಕೆಲಸ ಓದುಗರದು. ಪಾಠ ಮತ್ತು ಸುಳಿವು ಒಂದೇ ಅಧ್ಯಾಯದಲ್ಲಿ ಬಂದರೆ ಆಟ ಮುಗಿದಂತೆ.

ಸ್ಟೌಟ್ ಅವರ 1938ರ ಕಾದಂಬರಿಯೊಂದರಲ್ಲಿ ಹೆಸರಾಂತ ಬಾಣಸಿಗರ ಕೂಟದಲ್ಲಿ ಒಂದು ರುಚಿ ಪರೀಕ್ಷೆ ನಡೆಯುತ್ತದೆ. ಒಂಬತ್ತು ಪಾತ್ರೆಗಳಲ್ಲಿ ಒಂದೇ ಸಾಸ್, ಪ್ರತಿಯೊಂದರಲ್ಲೂ ಒಂದೊಂದು ಪದಾರ್ಥ ಬಿಟ್ಟುಹೋಗಿದೆ. ಯಾವುದು ಎಂದು ರುಚಿ ನೋಡಿ ಹೇಳಬೇಕು. ನುರಿತ ನಾಲಿಗೆಯವರು ಇಂಥ ಪರೀಕ್ಷೆಯಲ್ಲಿ ಹೆಚ್ಚು ತಪ್ಪಬಾರದು. ಯಾರಾದರೂ ತಪ್ಪಿದರೆ ಅವರ ಮನಸ್ಸು ಬೇರೆಲ್ಲೋ ಇತ್ತು ಎಂಬ ಪ್ರಶ್ನೆ ಏಳುತ್ತದೆ. ಆಹಾರವೇ ತನಿಖೆಯ ಸಾಧನವಾಗುವುದು ಹೀಗೆ.

'ರೆಡ್ ಹೆರಿಂಗ್' ಎಂಬ ಮಾತು ಈ ಪ್ರಕಾರದಲ್ಲಿ ಬಹಳ ಬಳಕೆಯಲ್ಲಿದೆ. ಓದುಗರನ್ನು ಬೇರೆ ದಾರಿಗೆ ಒಯ್ಯುವ ಸುಳ್ಳು ಸುಳಿವು ಎಂದು ಅರ್ಥ. ಅಂಥವು ಎರಡು ಮೂರು ಇರಲಿ, ಆದರೆ ಪ್ರತಿಯೊಂದಕ್ಕೂ ಕೊನೆಯಲ್ಲಿ ಸರಿಯಾದ ವಿವರಣೆ ಸಿಗಲೇಬೇಕು. ರಾತ್ರಿ ಕದ್ದು ಮಸಾಲೆ ಕೊಂಡುಹೋದವನು ಕೊಲೆಗಾರನಲ್ಲವಾದರೆ ಅದನ್ನು ಏಕೆ ಒಯ್ದ? ಉತ್ತರ ಕೊಡದೆ ಬಿಟ್ಟರೆ ಅದು ಮೋಸ.

ಎಚ್ಚರಿಕೆ: ಪತ್ತೇದಾರರು ಅನುಮಾನದ ಆಹಾರವನ್ನು ರುಚಿ ನೋಡುವ ದೃಶ್ಯ ಬೇಡ. ವಿಷವಿರಬಹುದೆಂದು ತಿಳಿದವರು ಯಾರೂ ಹಾಗೆ ಮಾಡುವುದಿಲ್ಲ. ವಾಸನೆ, ಬಣ್ಣ, ಹದ, ಪಾತ್ರೆಯ ಅಂಚಿನಲ್ಲಿ ಒಣಗಿದ ಪದರ, ಇವುಗಳಿಂದಲೇ ಬೇಕಾದಷ್ಟು ತಿಳಿಯುತ್ತದೆ.

ಹಂತ 6: ಪೊಲೀಸರನ್ನು ಪೆದ್ದರನ್ನಾಗಿ ಮಾಡಬೇಡಿ

ತನಿಖಾಧಿಕಾರಿ ಜಾಣರಾಗಿಯೇ ಇರಲಿ. ಅವರು ಅಡುಗೆಮನೆಗೆ ಬೀಗ ಹಾಕಿ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಪ್ರಯೋಗಾಲಯ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕು ಎಂಬುದು ಅಡುಗೆ ಬಲ್ಲವರಿಗೆ ಹೊಳೆಯುತ್ತದೆ. ಇವರಿಬ್ಬರ ನಡುವಿನ ಅಂತರ ಇಷ್ಟೇ ಇರಲಿ. ಹವ್ಯಾಸಿ ಪುರಾವೆಯನ್ನು ಮುಟ್ಟಿ ಒಯ್ದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ ಎಂಬುದೂ ನೆನಪಿರಲಿ.

ಹಂತ 7: ವರ್ಣನೆಗೆ ಮಿತಿ ಹಾಕಿ

ಪ್ರತಿ ಊಟದ ದೃಶ್ಯವನ್ನೂ ಕೇಳಿ: ಇದು ಯಾರದಾದರೂ ಸ್ವಭಾವವನ್ನು ತೋರಿಸುತ್ತಿದೆಯೇ? ಸುಳಿವನ್ನು ಹೊತ್ತಿದೆಯೇ? ಕಥೆಯನ್ನು ಮುಂದಕ್ಕೆ ಒಯ್ಯುತ್ತಿದೆಯೇ? ಮೂರಕ್ಕೂ ಇಲ್ಲ ಎಂದಾದರೆ ಎಷ್ಟೇ ಚೆಂದವಿದ್ದರೂ ಹೊಡೆದುಹಾಕಿ. "ಬಾಯಲ್ಲಿ ನೀರೂರಿಸುವ", "ಘಮಘಮಿಸುವ" ಎಂಬ ಸವೆದ ಮಾತುಗಳ ಬದಲು ಆ ಕ್ಷಣದ ನಿರ್ದಿಷ್ಟ ಸಂಗತಿ ಬರೆಯಿರಿ: ಈರುಳ್ಳಿ ಅಂಚಿನಲ್ಲಿ ಕಂದಾಗಿ ನಡುವೆ ಇನ್ನೂ ಬೆಳ್ಳಗಿರುವುದು, ಬಿಸಿ ಬ್ರೆಡ್ಡು ಓವನ್‌ನಿಂದ ಹೊರಬಂದ ಮೇಲೆ ಚಟಚಟ ಸದ್ದು ಮಾಡುವುದು, ಸಕ್ಕರೆ ಪಾಕ ಒಂದೇ ಗಳಿಗೆಯಲ್ಲಿ ಹೊನ್ನಿನ ಬಣ್ಣದಿಂದ ಕಪ್ಪಿಗೆ ತಿರುಗುವುದು. ಕೊಲೆಯಾದ ತಕ್ಷಣದ ಪುಟಗಳಲ್ಲಿ ಹಸಿವಿನ ಮಾತು ಬೇಡ. ದುಃಖಕ್ಕೂ ಜಾಗ ಬೇಕು.

ಹಂತ 8: ಪಾಕವಿಧಾನಗಳು

ಈ ಪ್ರಕಾರದ ಓದುಗರು ಪಾಕವಿಧಾನಗಳನ್ನು ನಿರೀಕ್ಷಿಸುತ್ತಾರೆ. ಅವು ಅಧ್ಯಾಯದ ಕೊನೆಯಲ್ಲೋ ಪುಸ್ತಕದ ಕೊನೆಯಲ್ಲೋ ಇರಲಿ, ಬೆನ್ನಟ್ಟುವ ದೃಶ್ಯದ ನಡುವೆ ಬೇಡ. ನಾಲ್ಕರಿಂದ ಎಂಟು ಸಾಕು. ಅಳತೆಯನ್ನು ಲೋಟದಲ್ಲೂ ಗ್ರಾಂನಲ್ಲೂ ಕೊಡಿ, ಓವನ್ ತಾಪಮಾನ ಬರೆಯಿರಿ, ಅಲರ್ಜಿ ತರಬಲ್ಲ ಪದಾರ್ಥವಿದ್ದರೆ ಮೇಲೆಯೇ ಹೇಳಿ. ನೀವು ಬರೆದದ್ದನ್ನು ಅಡುಗೆ ಅಷ್ಟಾಗಿ ಬಾರದ ಒಬ್ಬರ ಕೈಯಲ್ಲಿ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತು ಮಾಡಿಸಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ನಿಮ್ಮ ವಾಕ್ಯ ತಿದ್ದಬೇಕು. ಬೇರೆಯವರ ಪುಸ್ತಕದ ವಿವರಣೆಯನ್ನು ಹಾಗೆಯೇ ಎತ್ತಬೇಡಿ. ಕಥೆಯಲ್ಲಿ ವಿಷ ಬೆರೆತ ತಿನಿಸಿನ ಪಾಕವಿಧಾನವನ್ನು ಸೇರಿಸುವುದಾದರೆ ಅಪಾಯದ ಪದಾರ್ಥದ ಪ್ರಸ್ತಾಪವೇ ಇರಬಾರದು. ಪಾಕವಿಧಾನದ ಶೀರ್ಷಿಕೆಯಲ್ಲಿ ಅಪರಾಧಿಯ ಗುಟ್ಟು ಬಯಲಾಗುತ್ತಿಲ್ಲವೇ ಎಂದೂ ನೋಡಿ. ಕೊನೆಯ ಪುಟಗಳನ್ನು ಮೊದಲು ತಿರುವಿ ಹಾಕುವವರು ಬಹಳ ಮಂದಿ ಇದ್ದಾರೆ.

ಹಂತ 9: ಇಬ್ಬರಿಗೆ ಓದಿಸಿ

ಹಸ್ತಪ್ರತಿ ಮುಗಿದ ಮೇಲೆ ಚೆನ್ನಾಗಿ ಅಡುಗೆ ಮಾಡುವ ಒಬ್ಬರಿಗೆ, ಒಲೆ ಹಚ್ಚುವುದನ್ನೂ ತಪ್ಪಿಸಿಕೊಳ್ಳುವ ಇನ್ನೊಬ್ಬರಿಗೆ ಕೊಡಿ. "ಹೇಗಿದೆ?" ಎಂದು ಕೇಳಬೇಡಿ, ಒಳ್ಳೆಯ ಮಾತು ಬಿಟ್ಟು ಬೇರೇನೂ ಸಿಗುವುದಿಲ್ಲ. ಪ್ರತಿ ಅಧ್ಯಾಯದ ಕೊನೆಯಲ್ಲಿ ತಮಗೆ ಯಾರ ಮೇಲೆ ಅನುಮಾನ, ಏಕೆ ಎಂದು ಅಂಚಿನಲ್ಲಿ ಬರೆಯಲು ಹೇಳಿ. ಅಡುಗೆ ಬಲ್ಲವರು ಅರ್ಧದಲ್ಲೇ ಅಪರಾಧಿಯನ್ನು ಹಿಡಿದರೆ ಸುಳಿವನ್ನು ಇನ್ನಷ್ಟು ಆಳಕ್ಕೆ ಇಳಿಸಿ. ಅಡುಗೆ ಬಾರದವರಿಗೆ ಕೊನೆಯ ವಿವರಣೆ ಓದಿದ ಮೇಲೂ ಅರ್ಥವಾಗದಿದ್ದರೆ ಮೂರನೆಯ ಅಧ್ಯಾಯದ ಪಾಠಕ್ಕೆ ಹಿಂತಿರುಗಿ, ಅದನ್ನು ಇನ್ನಷ್ಟು ಸರಳಗೊಳಿಸಿ ಬರೆಯಿರಿ.